ಹಗೇವಿನ ಅಳತೆ

ನಾನು ನಿಂತಿದ್ದದ್ದು ಹಗೇವಿನ ಬಾಯಿಯಿಂದ ಎರಡು ಹೆಜ್ಜೆ ಉತ್ತರಕ್ಕೆ, ದನದ ಕೊಟ್ಟಿಗೆಗೆ ಬೆನ್ನು ಮಾಡಿ. ತೊಂಬತ್ತಾರನೆಯ ಇಸವಿ, ಫೆಬ್ರವರಿ ತಿಂಗಳ ಒಂದು ಭಾನುವಾರ. ಗುಬ್ಬಿ ತಾಲ್ಲೂಕಿನ ಒಂದು ಹಳ್ಳಿ, ಹೆಸರು ಬರೆಯುವುದಿಲ್ಲ. ಕೈಗಡಿಯಾರ ನೋಡಿದಾಗ ಹನ್ನೊಂದಕ್ಕೆ ಹತ್ತು ನಿಮಿಷವಿತ್ತು. ನೋಡಿದ್ದು ಖಚಿತವಾಗಿ ನೆನಪಿದೆ, ಏಕೆಂದರೆ ಹನ್ನೆರಡೂಕಾಲರ ಬಸ್ಸು ತಪ್ಪಿದರೆ ಸಂಜೆಯವರೆಗೆ ಇನ್ನೊಂದು ಇರಲಿಲ್ಲ.

ಸ್ವಲ್ಪ ಹೊತ್ತಿಗೆ ಆ ಹಗೇವಿಗೆ ಒಬ್ಬರು ಇಳಿದರು. ಜೀವಂತವಾಗಿ ಮೇಲೆ ಬರಲಿಲ್ಲ. ಅವರನ್ನು ಇಳಿಸಿದ್ದು ಅವರ ಅಣ್ಣನ ಮಗಳು, ಒಂಬತ್ತನೇ ತರಗತಿಯ ಹುಡುಗಿ, ಅವಳ ಲೆಕ್ಕದ ಹುಚ್ಚು ಎಂದು ಊರು ಇಂದಿಗೂ ಹೇಳುತ್ತದೆ. ಅದು ಸರಿಯಲ್ಲ. ಯಾರು ಏನು ಹೇಳಿದರು, ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ನಾನು ಕಂಡಷ್ಟು, ಕೇಳಿದಷ್ಟು ಬರೆಯುತ್ತೇನೆ.

ಆಗ ನನಗೆ ಇಪ್ಪತ್ತೇಳು ವರ್ಷ. ತುಮಕೂರಿನ ಬಟವಾಡಿಯಲ್ಲಿ ಒಂದು ಕೋಣೆ ಬಾಡಿಗೆಗೆ ಹಿಡಿದಿದ್ದೆ. ಅಲ್ಲಿಂದ ದಿನಾ ಬಸ್ಸಿನಲ್ಲಿ ಗುಬ್ಬಿ ಕಡೆಯ ಹೈಸ್ಕೂಲಿಗೆ ಹೋಗಿ ಲೆಕ್ಕ ಹೇಳಿಕೊಡುತ್ತಿದ್ದೆ. ಹುಟ್ಟಿದ್ದು, ಓದಿದ್ದು ಎಲ್ಲ ತುಮಕೂರಿನಲ್ಲಿಯೇ. ಹಳ್ಳಿ ಎಂದರೆ ಮದುವೆಗೋ ತಿಥಿಗೋ ಹೋಗಿ ಬಂದಷ್ಟೇ ಪರಿಚಯ.

ಮೊದಲ ವರ್ಷ ಪುಸ್ತಕದಲ್ಲಿದ್ದದ್ದನ್ನೇ ಪಾಠ ಮಾಡಿದೆ. ಒಂದು ದಿನ ತೊಟ್ಟಿಯ ಲೆಕ್ಕ ಬಂತು. ಒಂದು ನಲ್ಲಿ ತೊಟ್ಟಿಯನ್ನು ತುಂಬುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ, ಎರಡನ್ನೂ ಒಟ್ಟಿಗೆ ತೆರೆದರೆ ಎಷ್ಟು ಹೊತ್ತಿಗೆ ತುಂಬುತ್ತದೆ. ಹೆಣ್ಣುಮಕ್ಕಳ ಸಾಲಿನಿಂದ ಒಬ್ಬಳು ಎದ್ದು ನಿಂತಳು.

"ಸಾರ್, ಎರಡು ನಲ್ಲೀನೂ ಬಿಟ್ಕೊಂಡು ಯಾರು ಸಾರ್ ಕೂತ್ಕೊಳ್ತಾರೆ? ನಮ್ಮಜ್ಜಿ ಕಂಡ್ರೆ ಪೊರಕೆ ತಗೊಂಡು ಬೆನ್ನಿಗೆ ಬಿಡ್ತಾರೆ."

ತರಗತಿ ಗೊಳ್ಳೆಂದಿತು. ನಾನೂ ನಕ್ಕೆ. ಅವಳು ತಮಾಷೆಗೆ ಕೇಳಿದ್ದಲ್ಲ, ನಿಜವಾಗಿಯೂ ತಿಳಿಯಲೆಂದೇ ಕೇಳಿದ್ದಳು. ಅವಳ ದನಿ ಮೊದಲಿನಿಂದಲೂ ದೊಡ್ಡದು. ಈ ಮಾತನ್ನು ಮುಂದಿನದಕ್ಕಾಗಿ ಇಲ್ಲಿಯೇ ಹೇಳಬೇಕು: ಅವಳು ಆಡಿದ ಮಾತು ಎಲ್ಲರ ಕಿವಿಗೂ ಬೀಳುತ್ತಿತ್ತು. ನನ್ನ ದನಿ ಹಾಗಲ್ಲ.

ಅಂದಿನಿಂದ ಮಕ್ಕಳಿಗೆ ಗೊತ್ತಿರುವ ವಸ್ತುಗಳ ಮೇಲೆಯೇ ಲೆಕ್ಕ ಮಾಡಿಸತೊಡಗಿದೆ. ಧ್ವಜಸ್ತಂಭದ ನೆರಳು ಹಿಡಿದು ಅದರ ಎತ್ತರ ಕಂಡುಕೊಂಡೆವು. ನೀರೊಲೆಯ ಹಂಡೆಗೆ ಎಷ್ಟು ಬಿಂದಿಗೆ ಹಿಡಿಯುತ್ತದೆಂದು ಮೊದಲು ಲೆಕ್ಕ ಹಾಕಿ, ಆಮೇಲೆ ತುಂಬಿ ನೋಡಿದೆವು. ಅರ್ಧ ಬಿಂದಿಗೆಯ ವ್ಯತ್ಯಾಸ ಬಂದಾಗ ಆ ಅರ್ಧ ಎಲ್ಲಿ ಹೋಯಿತೆಂದು ಒಂದು ವಾರ ಜಗಳವಾಡಿದರು. ಹಂಡೆಯ ತಳ ನೆಗ್ಗಿದೆ ಎಂದು ಕಂಡುಹಿಡಿದವಳು ಅದೇ ಹುಡುಗಿ. ಲೆಕ್ಕದ ಪೀರಿಯಡ್ಡಿಗೆ ಮಕ್ಕಳು ಕಾಯುವುದನ್ನು ನಾನು ಮೊದಲ ಬಾರಿಗೆ ನೋಡುತ್ತಿದ್ದೆ. ಆ ಸಂತೋಷ ಸುಳ್ಳಾಗಿರಲಿಲ್ಲ. ಈಗ ಅದನ್ನು ನೆನೆಯಲು ನಾಚಿಕೆಯಾಗುತ್ತದೆ, ಆದರೂ ಸುಳ್ಳಾಗಿರಲಿಲ್ಲ.

ಗಾತ್ರದ ಪಾಠ ಬಂದಾಗ, ಮನೆಯಲ್ಲಿರುವ ಯಾವುದಾದರೂ ಒಂದರ ಗಾತ್ರ ಕಂಡುಕೊಂಡು ಬನ್ನಿ ಎಂದೆ. ಒಬ್ಬರು ಕೊಳಗ ತಂದರು, ಇನ್ನೊಬ್ಬರು ಮಡಕೆ ತಂದರು. ಅವಳು ಕೈ ಎತ್ತಿ, "ನಮ್ಮನೇದು ತರಕ್ಕಾಗಲ್ಲ ಸಾರ್, ನೀವೇ ಬರ್ಬೇಕು. ಹಗೇವು," ಎಂದಳು.

ಹಗೇವು ಎಂದರೆ ರಾಗಿ ತುಂಬಿಡಲು ನೆಲದಲ್ಲಿ ತೋಡಿದ ಗುಳಿ. ಬಾಯಿ ಒಬ್ಬ ಮನುಷ್ಯ ತೂರುವಷ್ಟು, ಕೊರಳು ಕಿರಿದು, ಒಳಗೆ ಹೊಟ್ಟೆ ಹರವು, ಗಡಿಗೆಯ ಹಾಗೆ. ರಾಗಿ ತುಂಬಿ, ಮೇಲೆ ಹುಲ್ಲು ಹಾಕಿ, ಚಪ್ಪಡಿ ಮುಚ್ಚಿ, ಮಣ್ಣು ಮೆತ್ತಿಬಿಟ್ಟರೆ ವರ್ಷಗಟ್ಟಲೆ ಕೆಡುವುದಿಲ್ಲ. ಆಗಲೇ ಹೆಚ್ಚಿನ ಮನೆಗಳವರು ಹಗೇವು ಬಿಟ್ಟು ಚೀಲ ಹಿಡಿದಿದ್ದರು. ಅವಳ ಮನೆಯವರು ಬಿಟ್ಟಿರಲಿಲ್ಲ. ಹೊಸ ರಾಗಿ ತುಂಬುವ ಮುಂಚೆ ಹೇಗೂ ತೆರೆಯುವುದಿತ್ತು.

ಅವಳ ತಂದೆ ತುಮಕೂರಿನಲ್ಲಿ ಅಕ್ಕಿ ಗಿರಣಿಯ ಕೆಲಸಕ್ಕಿದ್ದು ತಾಯಿಯೂ ಅಲ್ಲಿಯೇ ಇದ್ದರು. ಹಳ್ಳಿಯ ಮನೆಯಲ್ಲಿ ಅವಳನ್ನು ಸಾಕುತ್ತಿದ್ದವರು ಅಜ್ಜಿ, ಚಿಕ್ಕಪ್ಪ, ಚಿಕ್ಕಮ್ಮ. ಚಿಕ್ಕಪ್ಪನವರಿಗೆ ಮೂವತ್ತೆರಡೋ ಮೂವತ್ತಮೂರೋ ಇರಬೇಕು. ನಗುಮುಖದ ಮನುಷ್ಯ. ಹಗೇವಿಗೆ ನಲವತ್ತು ಪಲ್ಲ ರಾಗಿ ಹಿಡಿಯುತ್ತದೆಂದು ಅಜ್ಜಿ, ಮೂವತ್ತೈದೇ ಎಂದು ಅವರು. ಪಲ್ಲ ಎಂದರೆ ನೂರು ಸೇರು. ಹೊಟ್ಟೆಯ ಅಗಲ ಮೂರು ಎತ್ತರದಲ್ಲಿ ಸಿಕ್ಕರೆ ಈ ವಾದ ಮುಗಿಸಬಹುದು ಎಂದು ನಾನು ಹುಡುಗಿಗೆ ಹೇಳಿದ್ದೆ.

ಹಗೇವು ತೆರೆಯುವುದಕ್ಕೆ ಒಂದು ಪದ್ಧತಿಯಿದೆ. ಸಂಜೆ ಚಪ್ಪಡಿ ಸರಿಸಿ ರಾತ್ರಿಯೆಲ್ಲ ಬಾಯಿ ತೆರೆದಿಡುತ್ತಾರೆ. ಬೆಳಿಗ್ಗೆ ದೀಪ ಹಚ್ಚಿ ಹಗ್ಗದಲ್ಲಿ ಇಳಿಬಿಡುತ್ತಾರೆ. ಆಮೇಲೆ ಮನುಷ್ಯ ಇಳಿಯುತ್ತಾನೆ. ಶನಿವಾರ ಸಂಜೆ ತೆರೆಯಬೇಕೆಂದಿತ್ತು. ಆದರೆ ಚಿಕ್ಕಪ್ಪ ಕುಣಿಗಲ್ಲಿಗೆ ಮದುವೆಗೆ ಹೋದವರು ಭಾನುವಾರ ಬೆಳಗಿನ ಮೊದಲ ಬಸ್ಸಿಗೆ ಬಂದರು. ಚಪ್ಪಡಿ ಸರಿಸಿದ್ದು ಎಂಟು ಗಂಟೆಗೆ. ಇದು ನನಗೆ ಆಮೇಲೆ ತಿಳಿದದ್ದು.

ನಾನು ಹತ್ತೂವರೆಗೆ ತಲುಪಿದೆ. ಹೆಗಲ ಚೀಲದಲ್ಲಿ ನೂರು ಅಡಿಯ ಟೇಪು, ನೋಟ್‌ಬುಕ್ಕು, ಮೂರು ಸೆಲ್ಲಿನ ಟಾರ್ಚು. ಒಳಗೆ ಕತ್ತಲಿರುತ್ತದೆಂದು ಟಾರ್ಚಿಗೆ ಹಿಂದಿನ ದಿನ ಹೊಸ ಸೆಲ್ಲು ಹಾಕಿಸಿದ್ದೆ.

ಅಜ್ಜಿ ಆಗ ಮನೆಯಿಂದ ಹೊರಟಿದ್ದರು. ಓಣಿಯ ಆಚೆ ಒಬ್ಬ ಬಾಣಂತಿಯ ಕೂಸಿಗೆ ದಿನಾ ಅವರೇ ನೀರು ಹಾಕುತ್ತಿದ್ದರು. ನನ್ನನ್ನು ಕಂಡು ಸೆರಗು ಸರಿಮಾಡಿಕೊಂಡು, "ಬನ್ನಿ ಮೇಷ್ಟ್ರೇ, ಕಾಪಿ ಕುಡೀರಿ, ಕೂಸಿಗೆ ನೀರಾಕಿ ಬಂದ್ಬುಡ್ತೀನಿ," ಎಂದರು. ನಾಲ್ಕು ಹೆಜ್ಜೆ ಹೋಗಿ ತಿರುಗಿದರು.

"ಲೇ, ದೀಪ ಇಳಿಬುಟ್ಟು ಆಮೇಲೆ ಇಳೀಲಾ. ಕೇಳಿಸ್ತಾ?"

"ಕೇಳಿಸ್ತು ಕಣವ್ವ, ನಾನೇನ್ ಹೊಸಬನಾ, ಹೋಗು ನೀನು," ಎಂದರು ಚಿಕ್ಕಪ್ಪ.

ಅಜ್ಜಿಯ ಆ ಮಾತು ನನಗೂ ಕೇಳಿಸಿತು. ಸ್ಪಷ್ಟವಾಗಿ ಕೇಳಿಸಿತು.

ಬಾಯಿಯ ಅಗಲವನ್ನು ಅಳೆದೆವು. ಟೇಪಿನ ತುದಿಗೆ ಕಲ್ಲು ಕಟ್ಟಿ ಆಳ ಅಳೆದೆವು. ತಳದಲ್ಲಿ ಉಳಿದಿದ್ದ ಹಳೆ ರಾಗಿಯವರೆಗೆ ಒಂಬತ್ತು ಅಡಿ ಎರಡು ಅಂಗುಲ. ಹುಡುಗಿ ನನ್ನ ಎದುರಿಗೆ, ಗುಳಿಯ ಆ ಬದಿಗೆ ಕುಕ್ಕರುಗಾಲಿನಲ್ಲಿ ಕೂತು ಬರೆದುಕೊಂಡಳು. ಅಷ್ಟರಲ್ಲಿ ಪೆನ್ಸಿಲ್ ಮೊನೆ ಮುರಿಯಿತು. ಬ್ಲೇಡು ತರಲು ಒಳಗೆ ಓಡಿದಳು.

ಇನ್ನು ಮುಂದಿನ ಮಾತುಗಳು ನಡೆದದ್ದು ಅವಳು ಒಳಗಿದ್ದಾಗ.

ಚಿಕ್ಕಪ್ಪ ಒಳಕ್ಕೆ ಬಗ್ಗಿ ನೋಡಿ, "ಸೀಮೆಎಣ್ಣೆ ಬುಡ್ಡಿ ತರ್ಲಾ ಸಾ?" ಎಂದರು.

ಬುಡ್ಡಿ ಕೇಳುತ್ತಿರುವುದು ಬೆಳಕಿಗೆ ಎಂದು ನಾನು ತಿಳಿದೆ. ಒಳಗಿನ ಗಾಳಿಯಲ್ಲಿ ದೀಪ ಉರಿಯುತ್ತದೋ ಆರುತ್ತದೋ ನೋಡುವುದಕ್ಕೆ ಎಂದು ನನಗೆ ಹೊಳೆಯಲಿಲ್ಲ. ಬೆಂಕಿಗೆ ಗಾಳಿ ಬೇಕೆಂದು ಎಂಟನೇ ತರಗತಿಗೆ ಒಂದು ತಿಂಗಳು ವಿಜ್ಞಾನ ಪಾಠ ಮಾಡಿದ್ದವನು ನಾನು. ಆ ಪಾಠ ಅಲ್ಲಿ ನೆನಪಾಗಲಿಲ್ಲ.

"ಬೇಡ, ಅದರ ಹೊಗೆ ಬೇರೆ. ಇದಿದೆಯಲ್ಲ, ಇದೇ ಸಾಕು," ಎಂದೆ.

ಟಾರ್ಚಿಗೆ ಸೇದುವ ಹಗ್ಗ ಕಟ್ಟಿ, ಗುಂಡಿ ಒತ್ತಿ, ನನ್ನ ಕೈಯಾರೆ ಇಳಿಬಿಟ್ಟೆ. ರಾಗಿಯ ಮೇಲೆ ಅದು ಮಲಗಿತು. ಹೊಟ್ಟೆಯ ಗೋಡೆ, ಒಣಹುಲ್ಲು, ಹಿಂದಿನವರು ಕೆತ್ತಿದ ಗುದ್ದಲಿಯ ಗೆರೆಗಳು ಎಲ್ಲ ನಿಚ್ಚಳವಾಗಿ ಕಂಡವು.

ಚಿಕ್ಕಪ್ಪ ಸ್ವಲ್ಪ ಹೊತ್ತು ನೋಡಿದರು. ಅವರಿಗೆ ಗೊತ್ತಿತ್ತು. ಗೊತ್ತಿದ್ದೂ ನನ್ನ ಮುಖ ನೋಡಿ ಸುಮ್ಮನಾದರು ಎಂದು ನನಗೆ ಈಗ ಅನ್ನಿಸುತ್ತದೆ. ತುಮಕೂರಿನಿಂದ ಬಂದ ಮೇಷ್ಟ್ರು, ಓದಿದವರು, ಬೇಡ ಎಂದರಲ್ಲ.

"ಇದು ಆರೋ ದೀಪ ಅಲ್ಲ ಬುಡಿ ಸಾ," ಎಂದು ನಕ್ಕರು.

ಆಗಲೇ ನಾನು ಗಡಿಯಾರ ನೋಡಿದ್ದು. ನೋಡಿದ್ದನ್ನು ಅವರೂ ನೋಡಿದರು.

ಹುಡುಗಿ ಪೆನ್ಸಿಲ್ ಚೂಪು ಮಾಡಿಕೊಂಡು ಬಂದಳು. ಬಂದವಳೇ, "ಇಳಿ ಚಿಕ್ಕಪ್ಪ ಬೇಗ, ಸಾರ್‌ಗೆ ಬಸ್ಸಿಗೆ ಹೊತ್ತಾಯ್ತದೆ. ಹೊಟ್ಟೆ ಅಳತೆ ಇಲ್ದೆ ಲೆಕ್ಕ ಆಗಲ್ಲ," ಎಂದಳು. ಹೌದು, ಈ ಮಾತನ್ನು ಅವಳು ಆಡಿದಳು. ಓಣಿಯ ಆ ತುದಿಗೂ ಕೇಳಿಸಿರಬೇಕು. ಊರು ಹಿಡಿದುಕೊಂಡಿರುವುದು ಇದೊಂದೇ ಮಾತನ್ನು.

"ಇಳೀತೀನಿ ತಡೀಯೇ, ನಲವತ್ತು ಪಲ್ಲ ಬಂದ್ರೆ ಮೀಸೆ ಬೋಳುಸ್ತೀನಿ, ಮೂವತ್ತೈದು ಬಂದ್ರೆ ನಿಮ್ಮಜ್ಜಿ ತಲೆ," ಎಂದರು. ಜಗಲಿಯ ಕಂಬಕ್ಕೆ ಕಟ್ಟಿದ್ದ ಹಗ್ಗ ಹಿಡಿದರು. ಸೊಂಟಕ್ಕೆ ಕಟ್ಟಿಕೊಳ್ಳಲಿಲ್ಲ, ಕೈಯಲ್ಲಷ್ಟೇ ಹಿಡಿದರು. ಕೊರಳಿನ ಗೋಡೆಯ ಮೆಟ್ಟುಗುಳಿಗಳಲ್ಲಿ ಕಾಲಿಟ್ಟು ಇಳಿದರು. ನಾನು ಟೇಪು ಇಳಿಬಿಟ್ಟೆ.

ಕೆಳಗಿನಿಂದ, "ಐದಡಿ ಎಂಟಂಗುಲ," ಎಂದು ದನಿ ಬಂತು. ಅವಳು ಬರೆದುಕೊಂಡಳು. "ಇನ್ನೊಂದ್ ಸ್ವಲ್ಪ ಮೇಲೆ ಹಿಡೀರಿ," ಎಂದೆ. ಅವರು ಟೇಪು ಎತ್ತಿದರು. ಆಮೇಲೆ ರಾಗಿಯ ಮೇಲೆ ಕೂತರು. ಸುಸ್ತಾದವರು ಕೂರುವ ಹಾಗೆ, ಗೋಡೆಗೆ ಒರಗಿ ಕೂತರು. ತಲೆ ಎದೆಯ ಮೇಲೆ ಬಾಗಿತು.

ಹುಡುಗಿ ನಕ್ಕಳು. "ನಾಟ್ಕ ಆಡ್ಬೇಡ ಚಿಕ್ಕಪ್ಪ." ನಾನೂ ನಾಟಕವೆಂದೇ ತಿಳಿದೆ. ಎಷ್ಟು ಹೊತ್ತು ಹಾಗೆ ತಿಳಿದಿದ್ದೆ ಎಂದು ಹೇಳಲಾರೆ. ಒಂದು ನಿಮಿಷವಿರಬಹುದು, ಇನ್ನೂ ಹೆಚ್ಚಿರಬಹುದು. ಈ ಇಡೀ ಬರಹದಲ್ಲಿ ನನಗೆ ಖಚಿತವಾಗಿ ತಿಳಿಯದ ಅಳತೆ ಇದೊಂದೇ.

ಹತ್ತು ಹೆಜ್ಜೆ ದೂರದಲ್ಲಿ ಪಕ್ಕದ ಮನೆಯ ಯಜಮಾನರು ತಮ್ಮ ಜಗಲಿಯ ಮೇಲೆ ಕೂತು ಹಗ್ಗ ಹೊಸೆಯುತ್ತಿದ್ದರು. ನಾನು ಎರಡನೆಯ ಸಲ ಕೂಗಿದಾಗ ಓಡಿ ಬಂದರು. ಒಳಗೆ ಬಗ್ಗಿ ನೋಡಿದರು. ಹಗ್ಗ ಹಿಡಿದು ಇಳಿಯಲು ಹೋದ ನನ್ನ ರಟ್ಟೆ ಹಿಡಿದು ಹಿಂದಕ್ಕೆ ಎಸೆದರು.

"ನೀವೂ ಹೋದ್ರೆ ಇಬ್ರುನ್ನ ಎತ್ಬೇಕಾಯ್ತದೆ. ಸುಮ್ಕಿರಿ ಮೇಷ್ಟ್ರೇ."

ಅವರು ಬುಡ್ಡಿ ಹಚ್ಚಿ ಇಳಿಬಿಟ್ಟರು. ಕೊರಳು ದಾಟಿ ಒಂದು ಮೊಳ ಇಳಿಯುವಷ್ಟರಲ್ಲಿ ದೀಪ ಆರಿತು. ಎಳೆದು, ಮತ್ತೆ ಹಚ್ಚಿ ಬಿಟ್ಟರು. ಅದೇ ಜಾಗದಲ್ಲಿ ಮತ್ತೆ ಆರಿತು. ಅದರ ಕೆಳಗೆ ನನ್ನ ಟಾರ್ಚು ಹಾಗೆಯೇ ಉರಿಯುತ್ತಿತ್ತು. ಚಿಕ್ಕಪ್ಪನವರ ಒಂದು ಕೈ ಮತ್ತು ಮೊಣಕಾಲು ಆ ಬೆಳಕಿನಲ್ಲಿದ್ದವು. ಬುಡ್ಡಿ ಏಕೆ ಬೇಕಿತ್ತೆಂದು ನನಗೆ ಆಗ ಅರ್ಥವಾಯಿತು.

ಕಂಬಳಿ ನೆನೆಸಿ ಬಾಯಿಯಲ್ಲಿ ಮೇಲಕ್ಕೂ ಕೆಳಕ್ಕೂ ಬೀಸಿದರು. ಕೊಡ ಕೊಡ ನೀರು ಸುರಿದರು. ಊರಿನವರು ಕೂಡಿದರು. ದೀಪ ತಳದವರೆಗೆ ಆರದೆ ನಿಂತ ಮೇಲೆ ಪಕ್ಕದ ಮನೆಯವರೇ ಸೊಂಟಕ್ಕೆ ಹಗ್ಗ ಕಟ್ಟಿಕೊಂಡು ಇಳಿದು ಅವರನ್ನು ಕಟ್ಟಿ ಮೇಲೆ ಕಳಿಸಿದರು. ಆಗ ಹನ್ನೆರಡಕ್ಕೆ ಐದು ನಿಮಿಷ. ಟೆಂಪೋದಲ್ಲಿ ಗುಬ್ಬಿಗೆ ಒಯ್ದೆವು. ದಾರಿಯಲ್ಲಿ ನಾನು ಅವರ ಪಾದ ಹಿಡಿದುಕೊಂಡಿದ್ದೆ. ಪಾದಗಳಿಗೆ ರಾಗಿ ಮೆತ್ತಿಕೊಂಡಿತ್ತು. ವೈದ್ಯರು ನೋಡಿ, ತರುವ ಮುಂಚೆಯೇ ಹೋಗಿದ್ದಾರೆ ಎಂದರು.

ಪೊಲೀಸರು ಕೇಳಿದಾಗ ಅಜ್ಜಿ, "ರಾಗಿ ತೆಗಿಯಕ್ಕೆ ಇಳಿದಿದ್ದ," ಎಂದರು. ನನ್ನ ಕಡೆ ತಿರುಗಿಯೂ ನೋಡದೆ, "ಮೇಷ್ಟ್ರು ಆಗ್ತಾನೆ ಬಂದ್ರು," ಎಂದರು. ಮನೆಗೆ ಬಂದ ಮೇಷ್ಟ್ರಿಗೆ ಸ್ಟೇಷನ್ ಮೆಟ್ಟಿಲು ಹತ್ತಿಸಬಾರದೆಂಬ ಮರ್ಯಾದೆ ಅದು. ಆ ಮರ್ಯಾದೆಯನ್ನು ನಾನು ಇಟ್ಟುಕೊಂಡೆ. ಕಾಗದಕ್ಕೆ ಸಹಿ ಹಾಕಿದೆ.

ಹದಿನೈದು ದಿನ ಹುಡುಗಿ ಶಾಲೆಗೆ ಬರಲಿಲ್ಲ. ನಾನು ಹೋದೆ. ಹಗೇವಿಗೆ ಮಣ್ಣು ತುಂಬಿದ್ದರು. ಹೊಸ ರಾಗಿ ಜಗಲಿಯ ಮೇಲೆ ಚೀಲಗಳಲ್ಲಿತ್ತು. ಅಜ್ಜಿ ನನಗೆ ಮಣೆ ಹಾಕಿದರು. ಹುಡುಗಿ ತಂದ ನೀರಿನ ಚೊಂಬನ್ನು ಮಾತ್ರ ಅವಳ ಕೈಯಿಂದ ತೆಗೆದುಕೊಳ್ಳದೆ, "ಅಲ್ಲಿಡು," ಎಂದರು.

"ನಲವತ್ತು ಪಲ್ಲ ಅಂತ ನಾನೇ ಹೇಳಿದ್ನಲ್ಲ ಮೇಷ್ಟ್ರೇ," ಎಂದರು. "ನಾನು ಈ ಮನೆಗೆ ಬಂದ ವರ್ಷ ತುಂಬಿ ಎಣಿಸಿದ್ದು. ಸೇರು ಸೇರಾಗಿ ಎಣಿಸಿದ್ದು. ನನ್ನ ಮಾತು ನಂಬಿದ್ರೆ ಆಗ್ತಿತ್ತು."

ನನ್ನ ಬಾಯಲ್ಲಿ ಮಾತು ಬಂದಿತ್ತು. ಬುಡ್ಡಿ ಬೇಡ ಎಂದವನು ನಾನು ಎಂಬಷ್ಟೇ ಮಾತು. ಚಿಕ್ಕಮ್ಮ ಬಾಗಿಲ ಹಿಂದೆ ನಿಂತಿದ್ದರು. ನಾನು ನೀರು ಕುಡಿದು ಎದ್ದು ಬಂದೆ.

ಅವಳು ಹತ್ತನೇ ತರಗತಿಗೆ ಬಂದಳು, ಹಿಂದಿನ ಬೆಂಚಿನಲ್ಲಿ ಕೂತಳು. ಒಮ್ಮೆ ಬಿಡುವಿನಲ್ಲಿ ಒಬ್ಬ ಹುಡುಗಿ, "ಇವ್ಳು ಲೆಕ್ಕ ಮಾಡಕ್ಕೋಗಿ ಚಿಕ್ಕಪ್ಪನ್ನೇ ತಿಂದ್ಕೊಂಡ್ಲು ಕಣೇ," ಎಂದದ್ದು ನನ್ನ ಕಿವಿಗೆ ಬಿತ್ತು. ಗದರಿಸಿದೆ. ಗದರಿಸಿದರೆ ಆಯಿತು ಎಂದುಕೊಂಡೆ. ಪಬ್ಲಿಕ್ ಪರೀಕ್ಷೆಯಲ್ಲಿ ಅವಳು ಲೆಕ್ಕದ ಪತ್ರಿಕೆಗೆ ಹೆಸರು, ನಂಬರು ಬರೆದು, ಉಳಿದದ್ದನ್ನು ಬಿಳಿಯಾಗಿ ಬಿಟ್ಟು ಎದ್ದು ಬಂದಳು. ಶಾಲೆ ಅಲ್ಲಿಗೆ ನಿಂತಿತು. ನನಗೆ ಕುಣಿಗಲ್ಲಿಗೆ ವರ್ಗವಾಯಿತು. ಅಲ್ಲಿ ನಾನು ಪುಸ್ತಕ ಬಿಟ್ಟು ಹೊರಗೆ ಹೋಗಲಿಲ್ಲ. ಒಂದು ನಲ್ಲಿ ತುಂಬುತ್ತದೆ, ಇನ್ನೊಂದು ಖಾಲಿ ಮಾಡುತ್ತದೆ. ಯಾರೂ ಎದ್ದು ನಿಂತು ಕೇಳಲಿಲ್ಲ.

ಎರಡು ಸಾವಿರದ ಆರರ ಜೂನ್ ತಿಂಗಳು, ಎಂಟನೇ ತರಗತಿಗೆ ಸೇರಿಸಲು ಒಬ್ಬ ಹೆಂಗಸು ತನ್ನ ನಾದಿನಿಯನ್ನು ಕರೆತಂದರು. ಅರ್ಜಿ ತುಂಬುತ್ತಿದ್ದವನು ದನಿ ಕೇಳಿ ತಲೆ ಎತ್ತಿದೆ. ದನಿ ತಗ್ಗಿತ್ತು, ಆದರೂ ಅದೇ. ಕುಣಿಗಲ್ಲಿಗೇ ಮದುವೆಯಾಗಿ ಬಂದಿದ್ದಳು.

"ಸಾರ್, ಇವಳಿಗೆ ಪುಸ್ತಕದಾಗಿರೋ ಲೆಕ್ಕ ಹೇಳ್ಕೊಟ್ರೆ ಸಾಕು," ಎಂದಳು. "ಮನೆಗೆ ಏನೂ ಅಳೆಯಕ್ಕೆ ಕಳಿಸ್ಬೇಡಿ."

"ಅದು ನಿನ್ನ ತಪ್ಪಲ್ಲಮ್ಮ," ಎಂದೆ.

"ಎಲ್ರೂ ಹಂಗೇ ಅಂತಾರೆ ಸಾರ್, ಮುಖದ ಮುಂದೆ."

ನಾಲ್ಕು ದಿನ ನನಗೆ ನಿದ್ದೆ ಬರಲಿಲ್ಲ. ಐದನೆಯ ದಿನ ಅವಳ ಮನೆ ಹುಡುಕಿಕೊಂಡು ಹೋದೆ. ಅವಳು ಕಡಲೆಕಾಯಿ ಬಿಡಿಸುತ್ತಿದ್ದಳು. ಬುಡ್ಡಿಯ ಮಾತು, ನಾನು ಕೊಟ್ಟ ಉತ್ತರ, ಅವಳು ಒಳಗೆ ಹೋಗಿದ್ದ ಆ ಎರಡು ನಿಮಿಷ, ಎಲ್ಲವನ್ನೂ ಇಲ್ಲಿ ಬರೆದ ಹಾಗೆಯೇ ಹೇಳಿದೆ. ಅವಳ ಕೈ ನಿಂತಿತು. ಅಳಲಿಲ್ಲ.

"ಹತ್ತು ವರ್ಷ ಯಾಕೆ ಸಾರ್ ಹೇಳ್ಲಿಲ್ಲ?"

ಹೆದರಿದ್ದೆ ಎಂದೆ. ಅದು ನಿಜ.

"ಅಜ್ಜಿ ಹೋದ್ವರ್ಷ ತೀರ್ಕೊಂಡ್ರು. ಸಾಯೋ ತನಕ ನನ್ನ ಕೈಲಿ ನೀರು ಇಸ್ಕೊಳ್ಲಿಲ್ಲ. ಕಡೇ ದಿನ ಬಾಯಿಗೆ ನೀರು ಬಿಡಕ್ಕೂ ಬಿಡ್ಲಿಲ್ಲ ನನ್ನ." ಒಂದು ಕಡಲೆಕಾಯಿ ಬಿಡಿಸಿ ಮೊರಕ್ಕೆ ಹಾಕಿದಳು. "ಬೈದ್ರೆ ಪಾಪ ನಿಮ್ಗೆ ಹಗುರ ಆಗ್ಬುಡ್ತದೆ. ಅದಕ್ಕೆ ಬೈಯಲ್ಲ."

"ಬರ್ದುಕೊಡಿ," ಎಂದಳು. "ನಾನು ಹೇಳಿದ್ರೆ ಯಾರೂ ನಂಬಲ್ಲ, ಬಚಾವಾಗಕ್ಕೆ ಕತೆ ಕಟ್ತಾಳೆ ಅಂತಾರೆ. ನನಗೊಬ್ಳು ಮಗಳವ್ಳೆ. ನಾಳೆ ಅವಳ ಕಿವಿಗೂ ಇದು ಬೀಳ್ತದೆ. ನೀವೇ ಬರ್ದು, ಯಾರ್ ಯಾರು ಕೇಳಿಸ್ಕೊಂಡ್ರು ಅನ್ನೋದ್ನೂ ಬರೀರಿ. ಅನುಮಾನ ಇದ್ದೋರು ಹೋಗಿ ಕೇಳ್ಲಿ."

ಅದಕ್ಕಾಗಿ ನಾನು ಆ ಹಳ್ಳಿಗೆ ಮತ್ತೆ ಹೋದೆ. ಪಕ್ಕದ ಮನೆಯ ಯಜಮಾನರು ನನ್ನನ್ನು ಗುರುತಿಸಿದರು. ಬುಡ್ಡಿಯ ಮಾತು ಕೇಳಿಸಿತ್ತೇ ಎಂದು ಕೇಳಿದೆ. "ಕೇಳಿಸ್ತು. ತಲೇನೂ ಎತ್ತಿದೆ," ಎಂದರು. "ಮೇಷ್ಟ್ರೇ ಬ್ಯಾಡ ಅಂದ್ರಲ್ಲ ಅಂತ ಮತ್ತೆ ಹೊಸೆಯಕ್ಕೆ ಕೂತೆ. ನನ್ನ ಹೆಸ್ರೂ ಬರ್ಕೊಳಿ." ಹೆಸರು ಬರೆಯುವುದಿಲ್ಲ ಎಂದೆ. ಅವರಿಗೆ ಅದು ಸರಿಬರಲಿಲ್ಲ.

ಅಂದು ಬುಡ್ಡಿಯ ಮಾತು ನಡೆದಾಗ ಚಿಕ್ಕಮ್ಮ ಕಾಫಿ ಲೋಟಗಳನ್ನು ಹಿಡಿದು ಹೊಸ್ತಿಲಲ್ಲಿದ್ದರು. ಅವರಿಗೂ ಕೇಳಿಸಿತ್ತು. ಅವರು ಏಕೆ ಇಷ್ಟು ವರ್ಷ ಸುಮ್ಮನಿದ್ದರೆಂದು ನಾನು ಕೇಳಲಿಲ್ಲ. ಕೇಳುವ ಹಕ್ಕು ನನಗಿಲ್ಲ. "ನಿಜ ಅಂತ ಬರೀರಿ," ಎಂದಷ್ಟೇ ಹೇಳಿ ಒಳಗೆ ಹೋದರು.

ತುಮಕೂರಿನ ಸದಾಶಿವನಗರದ ನನ್ನ ಮನೆಯಲ್ಲಿ ಕೂತು ಇದನ್ನು ಬರೆದು ಮುಗಿಸುತ್ತಿದ್ದೇನೆ. ಬುಡ್ಡಿ ಬೇಡ ಎಂದವನು ನಾನು, ಟಾರ್ಚು ಇಳಿಬಿಟ್ಟವನು ನಾನು, ಆ ಮಾತು ನಡೆದಾಗ ಹುಡುಗಿ ಅಲ್ಲಿರಲಿಲ್ಲ. ಇದನ್ನು ಕಂಡು ಕೇಳಿದವರಲ್ಲಿ ನನ್ನನ್ನು ಬಿಟ್ಟು ಇಬ್ಬರು ಬದುಕಿದ್ದಾರೆ. ಒಬ್ಬರು ಪಕ್ಕದ ಮನೆಯ ಯಜಮಾನರು. ಅದೇ ಹಳ್ಳಿಯಲ್ಲಿ, ಅದೇ ಮನೆಯಲ್ಲಿದ್ದಾರೆ, ಕಿವಿ ಸ್ವಲ್ಪ ಮಂದವಾಗಿದೆ, ಗಟ್ಟಿಯಾಗಿ ಕೇಳಬೇಕು. ಇನ್ನೊಬ್ಬರು ಚಿಕ್ಕಮ್ಮ, ವರ್ಷದ ಹೆಚ್ಚು ದಿನ ಆ ಮನೆಯಲ್ಲಿಯೇ ಇರುತ್ತಾರೆ, ಬೆಳಗಿನ ಹೊತ್ತು ಹೋದರೆ ಸಿಗುತ್ತಾರೆ.